ಎಲೆಯ ಹಿಂದಿನ ಕೆಂಪು

ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ತಾಂಬಾದ ಸೀಮೆಯಲ್ಲಿ ತೊಗರಿ ಒಣಗಿ ಕಾಯಿ ಕಂದು ಬಣ್ಣಕ್ಕೆ ತಿರುಗಿದ್ದವು. ಬಿಳಿಜೋಳ ತೊಡೆಯ ಎತ್ತರಕ್ಕೆ ನಿಂತಿತ್ತು. ಬೆಳಗಿನ ಹೊತ್ತು ಹೊಲಕ್ಕೆ ಹೋದವರ ಸೀರೆಯ ಅಂಚು ಇಬ್ಬನಿಗೆ ತೊಯ್ದು ಕಾಲಿಗೆ ಅಂಟಿಕೊಳ್ಳುತ್ತಿತ್ತು. ಯಶೋಧಾ ಎಮ್ಮೆಗೆ ಕಣಿಕೆ ಹಾಕಿ ಬಂದು, ರಾತ್ರಿ ಉದುರಿದ ಹಳದಿ ನಿಂಬೆಹಣ್ಣುಗಳನ್ನು ಬುಟ್ಟಿಗೆ ಆರಿಸಿಕೊಳ್ಳುತ್ತ ಒಂದೊಂದೇ ಗಿಡ ದಾಟುತ್ತಿದ್ದಳು. ಮುಳ್ಳು ತಾಗಿ ಮುಂಗೈಯಲ್ಲಿ ಹಳೆಯ ಗೀರುಗಳ ಮೇಲೆ ಹೊಸ ಗೀರು ಬಿದ್ದಿತ್ತು.

ಬದುವಿನ ಪಕ್ಕದ ಕೊನೆಯ ಗಿಡಕ್ಕೆ ಬಂದಾಗ ಬುಟ್ಟಿ ಇಳಿಸಿದಳು. ಸೆರಗಿಗೆ ಕೈ ಒರೆಸಿಕೊಂಡು, ಕೊಂಬೆಗೆ ತೂಗುಹಾಕಿದ್ದ ಚೀಲದಿಂದ ಕ್ಯಾಮೆರಾ ತೆಗೆದಳು.

ಎಳೆಯ ಎಲೆಯೊಂದರ ಅಡಿಯಲ್ಲಿ ಬಿಳಿಯ ಕೂದಲಿನಂಥ ನಾಲ್ಕಾರು ಎಳೆ ಇಳಿಬಿದ್ದಿದ್ದವು. ಮೊದಲಾಗಿದ್ದರೆ ಬೂಜು ಎಂದು ಹೆಬ್ಬೆರಳಿನಿಂದ ಒರೆಸಿಬಿಡುತ್ತಿದ್ದಳು. ನೆಲದಲ್ಲಿ ಊರಿದ ಕಟ್ಟಿಗೆಗೆ ಆ ಟೊಂಗೆಯನ್ನು ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಗಿಸಿ ಅಲುಗದಂತೆ ಮಾಡಿದಳು. ಹೊಟ್ಟಿನ ಚೀಲದ ಮೇಲೆ ಕ್ಯಾಮೆರಾ ಇಟ್ಟು ಕಣ್ಣು ಹಚ್ಚಿದಳು. ಎಲ್ಲವೂ ಮಂಜು. ಕ್ಯಾಮೆರಾ ಸಮೇತ ಮೈಯನ್ನು ಒಂದು ಕೂದಲಷ್ಟು ಮುಂದೆ ತಂದಳು. ಮಂಜಿನೊಳಗಿಂದ ಒಂದು ತತ್ತಿ ಎದ್ದು ಬಂತು. ಸಾಸಿವೆಗಿಂತ ಚಿಕ್ಕದು, ತಿಳಿ ಹಸಿರು, ದಾರದಂಥ ಕಾಲಿನ ತುದಿಯಲ್ಲಿ ಒಂಟಿಯಾಗಿ ನಿಂತಿದೆ. ಅದರ ಪಕ್ಕದ ತತ್ತಿ ಆಗಲೇ ಮಸುಕು.

ಅವುಗಳ ಹಿಂದೆ, ದೂರದಲ್ಲಿ, ಒಂದು ಕೆಂಪು ಬಣ್ಣ ನಿಧಾನ ಅಲುಗಾಡುತ್ತಿತ್ತು.

ಅದು ಮರೆವ್ವ. ಬದುವಿನ ಆಚೆಯ ಹೊಲದವಳು. ಮಾಸಿದ ಕೆಂಪು ಇಳಕಲ್ ಸೀರೆ ಉಟ್ಟು ತನ್ನ ತೊಗರಿಯಲ್ಲಿ ಕಸ ಕೀಳುತ್ತಿದ್ದಳು. ಎರಡು ವರ್ಷದಿಂದ ಯಶೋಧಾ ಆ ಕಡೆ ನೇರ ಮುಖ ಮಾಡಿ ನೋಡಿರಲಿಲ್ಲ. ಈಚೆಗೆ ಕ್ಯಾಮೆರಾದೊಳಗೆ ಮಾತ್ರ ನೋಡುತ್ತಿದ್ದಳು. ಅದರೊಳಗೆ ಮರೆವ್ವಳಿಗೆ ಮುಖವಿರಲಿಲ್ಲ, ಹೀಗಾಗಿ ನೋಡುವುದು ಸುಲಭವಾಗಿತ್ತು.

ಕ್ಯಾಮೆರಾ ಅವಳದಲ್ಲ. ಇಂಡಿ ಪಟ್ಟಣದಲ್ಲಿ ಫೋಟೋ ಸ್ಟುಡಿಯೋ ಇಟ್ಟ ಮಹಮ್ಮದಹನೀಫನದು. ಮದುವೆ ಗೊತ್ತಾದ ಹುಡುಗ ಹುಡುಗಿಯರನ್ನು ಕರೆತಂದು ತೋಟ ಹೊಲಗಳಲ್ಲಿ ನಿಲ್ಲಿಸಿ ಫೋಟೋ ತೆಗೆಯುವುದು ಈಚೆಗೆ ಅವನ ಮುಖ್ಯ ದಂಧೆ. ಹೋದ ಬೇಸಿಗೆಯ ಮೊದಲಿಗೆ ನಿಂಬೆ ಹೂ ಬಿಟ್ಟಾಗ ಯಶೋಧಾಳ ತೋಟ ಕೇಳಿಕೊಂಡು ಬಂದಿದ್ದ. ಜೋಡಿಯನ್ನು ನಗಿಸಿ, ಓಡಾಡಿಸಿ, ಸುಸ್ತುಮಾಡಿದ ಮೇಲೆ ಹುಡುಗಿಯ ಉಂಗುರ ಬಿಚ್ಚಿಸಿ ಒಂದು ಎಲೆಯ ಮೇಲಿಟ್ಟ. ಬೇರೆಯದೊಂದು ಲೆನ್ಸು ಹಾಕಿ, ಎಲೆಗೆ ಮೂಗು ತಾಗುವಷ್ಟು ಬಾಗಿ ಫೋಟೋ ತೆಗೆದ.

"ಅಷ್ಟ ಸಣ್ಣ ಉಂಗರಕ್ಕ ಇಷ್ಟ ದೊಡ್ಡ ನಮಸ್ಕಾರ ಯಾಕ ತಮ್ಮಾ?" ಎಂದು ಯಶೋಧಾ ಕೇಳಿದ್ದಳು.

"ಬರ್ರಿ ಅಕ್ಕಾರ, ನೋಡ್ರಿಲ್ಲೆ," ಎಂದು ಅವನು ಕ್ಯಾಮೆರಾದ ಬೆನ್ನಿನ ಪರದೆ ತೋರಿಸಿದ.

ಉಂಗುರ ಬಾವಿಯ ಕಟ್ಟೆಯಷ್ಟು ದೊಡ್ಡದಾಗಿತ್ತು. ಅದರ ಅಂಚಿನಲ್ಲಿ ಒಂದು ಇರುವೆ ಮುಂಗಾಲೆತ್ತಿ ನಿಂತಿತ್ತು. ಹನೀಫ "ಛೇ, ಇದೆಲ್ಲಿಂದ ಬಂತು," ಎಂದು ಅದನ್ನು ಊದಿ ಹಾರಿಸಿ ಇನ್ನೊಂದು ಫೋಟೋ ತೆಗೆಯಲು ಹೋದ. ಯಶೋಧಾ ಮಾತ್ರ ಪರದೆ ಬಿಡಲಿಲ್ಲ. ಇರುವೆಯ ಕಾಲಲ್ಲಿ ಕೂದಲಿದ್ದವು. ನಲವತ್ತಾರು ವರ್ಷ ಅವಳು ಇರುವೆ ತುಳಿದುಕೊಂಡೇ ಓಡಾಡಿದ್ದಳು.

ಅಂದಿನಿಂದ ಹನೀಫ ಬಂದಾಗಲೆಲ್ಲ ಅವಳು ಕ್ಯಾಮೆರಾದ ವಿಷಯ ಕೇಳುತ್ತ ಹೋದಳು. ಅವನಿಗೆ ತೋಟ ಬೇಕಿತ್ತು, ಮನೆಗೆ ನಿಂಬೆಹಣ್ಣೂ ಬೇಕಿತ್ತು. ಹೊಸ ಕ್ಯಾಮೆರಾ ಕೊಂಡಮೇಲೆ ಹಳೆಯದನ್ನು, ಉಂಗುರದ ಲೆನ್ಸು ಸಮೇತ, ಅವಳ ಕೈಗೆ ಕೊಟ್ಟು "ಧೂಳಾಗ ಇಡಬ್ಯಾಡ್ರಿ ಅಷ್ಟ," ಎಂದ.

ಮೊದಲ ಎರಡು ತಿಂಗಳು ಒಂದೂ ಸರಿ ಬರಲಿಲ್ಲ. ಲೆನ್ಸಿನ ಬಳೆಯನ್ನು ತಿರುಗಿಸಿ ತಿರುಗಿಸಿ ಅವಳ ಬೆರಳು ನೋಯುತ್ತಿದ್ದವು. ಹುಳದ ಕಣ್ಣು ಸ್ವಚ್ಛ ಬರುವ ಹೊತ್ತಿಗೆ ಉಸಿರಿಗೆ ಮೈ ಅಲುಗಿ ಮತ್ತೆ ಮಂಜಾಗುತ್ತಿತ್ತು.

"ಬಳಿ ಬಿಟ್ಟ ಬಿಡ್ರಿ," ಎಂದು ಹನೀಫ ಹೇಳಿಕೊಟ್ಟಿದ್ದ. "ಬಳಿ ಒಂದ ಕಡೆ ಇಟ್ಟು ನೀವ ಹಿಂದ ಮುಂದ ಆಗ್ರಿ. ನಿಮ್ಮ ಮುಂದ ಒಂದು ಕಾಗದದ ಹಾಳಿ ನಿಂತೈತಿ ಅಂತ ತಿಳ್ಕೋರಿ. ಕಣ್ಣಿಗೆ ಕಾಣಂಗಿಲ್ಲ ಅದು. ಆ ಹಾಳಿಗೆ ತಾಗಿದ್ದಷ್ಟ ಸ್ವಚ್ಛ. ಈ ಕಡೆ ಇದ್ದದ್ದೂ ಇಲ್ಲ, ಆ ಕಡೆ ಇದ್ದದ್ದೂ ಇಲ್ಲ. ಹತ್ತರ ಹೋದಷ್ಟೂ ಹಾಳಿ ತೆಳ್ಳಗ ಆಕ್ಕೈತಿ."

"ಹಾಳಿ ದಪ್ಪ ಮಾಡಾಕ ಬರಂಗಿಲ್ಲೇನು?"

"ಬರ್ತೈತಿ. ಈ ನಂಬರ ಏರಸ್ರಿ. ನಂಬರ ಏರಿದಂಗ ಒಳಗಿನ ತೂತು ಸಣ್ಣದಾಕ್ಕೈತಿ. ಬೆಳಕು ಕಡಿಮಿ ಬರ್ತೈತಿ, ಆದರ ಹಿಂದ ಮುಂದ ಇನ್ನೊಂದೀಟು ಕಾಣತೈತಿ."

"ತೂತು ಸಣ್ಣ ಮಾಡಿದರ ಹೆಚ್ಚಿಗಿ ಕಾಣತೈತಿ ಅಂತೀ."

"ಉಲ್ಟಾ ಲೆಕ್ಕ ಅಕ್ಕಾರ. ನನಗೂ ಮೊದಲ ತಲಿಗೆ ಹತ್ತಿರಲಿಲ್ಲ. ನಮ್ಮ ಉಸ್ತಾದ ಕಪಾಳಕ್ಕ ಹೊಡದಾನ."

ಎಮ್ಮೆ ಹಿಂಡುವಾಗ ಕೂರುವಂತೆ ತುದಿಗಾಲಲ್ಲಿ ಕುಳಿತು, ಮೊಣಕೈಗಳನ್ನು ಮೊಣಕಾಲಿಗೆ ಒತ್ತಿಕೊಂಡರೆ ಮೈ ನಿಲ್ಲುತ್ತದೆ ಎಂದು ಅವಳೇ ಕಂಡುಕೊಂಡಳು. ಉಸಿರು ಬಿಟ್ಟ ಮೇಲೆ, ಮತ್ತೆ ಎಳೆದುಕೊಳ್ಳುವ ಮೊದಲು ಒಂದು ಖಾಲಿ ಜಾಗ ಇರುತ್ತದೆ, ಅಲ್ಲಿ ಒತ್ತಬೇಕು. ಇಬ್ಬನಿ ಆರುವ ಮುಂಚೆ ಹುಳಗಳು ಚಳಿಗೆ ಸೆಟೆದು ಅಲುಗುವುದಿಲ್ಲ. ಹುಳದ ಮಗ್ಗುಲು ಆ ಕಾಣದ ಹಾಳೆಗೆ ಸಮವಾಗಿ ನಿಲ್ಲುವಂತೆ ತಾನು ಸರಿದು ಕುಳಿತರೆ ತಲೆಯೂ ಬಾಲವೂ ಎರಡೂ ಸಿಗುತ್ತವೆ.

ಇಷ್ಟೆಲ್ಲ ಕಲಿತದ್ದನ್ನು ತೋರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಗಂಡ ಸೊಲ್ಲಾಪುರದಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡ ಮೇಲೆ ಅವಳು ತವರಿಗೆ ಬಂದಿದ್ದಳು. ಅಪ್ಪ ಸಾಯುವಾಗ ಈ ತೋಟ, ಅದರ ಹಿಂದಿನ ಎರಡೆಕರೆ ಕಪ್ಪುಮಣ್ಣಿನ ಎರೆ ಹೊಲ ಅವಳ ಹೆಸರಿಗೆ ಮಾಡಿ ಹೋಗಿದ್ದ. ಸಂಜೆ ರೊಟ್ಟಿ ಬಡಿದು, ಉಂಡು, ಕ್ಯಾಮೆರಾದ ಪರದೆಯಲ್ಲಿ ಒಂದೊಂದೇ ಹುಳ ದಾಟಿಸುತ್ತ ಕೂರುತ್ತಿದ್ದಳು. ಹಾಗೆ ದಾಟಿಸುವಾಗ ಗಮನಕ್ಕೆ ಬಂದದ್ದು, ಬದುವಿನ ಗಿಡದ ಹತ್ತಿರ ತೆಗೆದ ಎಲ್ಲ ಫೋಟೋಗಳ ಹಿಂದೆಯೂ ಆ ಕೆಂಪು ಇತ್ತು.

ಬೇರೆ ಗಿಡಗಳಲ್ಲೂ ಹುಳಗಳಿದ್ದವು. ಅವಳು ಮಾತ್ರ ಆ ಗಿಡಕ್ಕೇ ಹೋಗುತ್ತಿದ್ದಳು.

ಮರೆವ್ವ ಮತ್ತು ಅವಳು ಹದಿನೈದು ವರ್ಷ ಒಬ್ಬರಿಗೊಬ್ಬರು ಮುಯ್ಯಾಳಾಗಿ ದುಡಿದವರು. ಮುಯ್ಯಾಳು ಎಂದರೆ ಕೂಲಿಯಾಳಲ್ಲ. ಒಬ್ಬಳು ಇನ್ನೊಬ್ಬಳ ಹೊಲಕ್ಕೆ ಒಂದು ದಿನ ಬರುತ್ತಾಳೆ. ಹೊಲದವಳು ಮಧ್ಯಾಹ್ನ ಬುತ್ತಿ ಬಿಚ್ಚಿ ರೊಟ್ಟಿ ಕೊಡುತ್ತಾಳೆ. ಮುಂದೆ ಆಕೆ ಕರೆದ ದಿನ ಈಕೆ ಹೋಗಿ ಆ ದಿನವನ್ನು ತೀರಿಸುತ್ತಾಳೆ. ಕರೆಯದೆ ಹೋಗುವಂತಿಲ್ಲ. ಹೊಲದವಳ ರೊಟ್ಟಿ ತಿನ್ನದೆ ದುಡಿದರೆ ಆ ದಿನ ಲೆಕ್ಕಕ್ಕಿಲ್ಲ. ಇದನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಎರಡು ವರ್ಷದ ಹಿಂದೆ ಮರೆವ್ವ ಬಂದು ಯಶೋಧಾಳ ಜೋಳದಲ್ಲಿ ಒಂದು ದಿನ ಕಳೆ ತೆಗೆದು ಹೋದಳು. ತನ್ನ ತೊಗರಿ ಕೊಯ್ಲಿಗೆ "ನಾಳಿ ಬಾ," ಎಂದು ಬದುವಿನಿಂದಲೇ ಕೂಗಿದಳು. ಆ ರಾತ್ರಿಯೇ ಯಶೋಧಾಳಿಗೆ ಜ್ವರ ಬಂದು ಕೀಲುಗಳು ಹಿಡಿದುಕೊಂಡವು. ಎದ್ದು ಓಡಾಡುವ ಹೊತ್ತಿಗೆ ಮರೆವ್ವಳ ತೊಗರಿ ರಾಶಿಯಾಗಿ ಮನೆ ಸೇರಿತ್ತು. ಮರೆವ್ವ ಒಂದು ಮಾತೂ ಆಡಿರಲಿಲ್ಲ, ಜ್ವರದಲ್ಲಿ ಎರಡು ಸಲ ಗಂಜಿಯನ್ನೂ ತಂದಿದ್ದಳು. ಆದರೆ ಯಶೋಧಾಳಿಗೆ ತೀರಿಸದ ಆ ದಿನ ತಲೆಯ ಮೇಲೆ ಕುಳಿತಂತಾಗಿತ್ತು. ನಿಂಬೆಹಣ್ಣಿನ ಚೀಲಗಳನ್ನು ಇಂಡಿ ಮಾರುಕಟ್ಟೆಗೆ ಒಯ್ಯುವ ಟೆಂಪೋದ ಕಾಸಿಂಸಾಬನ ಕೈಯಲ್ಲಿ ಒಂದು ದಿನದ ಕೂಲಿಯ ರೊಕ್ಕ ಕೊಟ್ಟು ಮರೆವ್ವಳಿಗೆ ಮುಟ್ಟಿಸಲು ಹೇಳಿದಳು.

ಸಂಜೆಗೆ ಕಾಸಿಂಸಾಬ ಆ ನೋಟುಗಳನ್ನು ಹಾಗೇ ತಂದು ಕಟ್ಟೆಯ ಮೇಲಿಟ್ಟ.

"ತಗೋಲಿಲ್ಲವ್ವ."

"ಏನ ಅಂದಳು ಕಾಕಾ?"

"ಏನ ಅಂತಾಳ. 'ಕಾಸಿಂಸಾಬ, ಆಕಿ ನನ್ನ ಕೂಲಿಗೆ ಕರದಿದ್ದಳಂತ ನನಗ ಗೊತ್ತ ಇರಲಿಲ್ಲ ನೋಡು' ಅಂದಳು."

ಮರುದಿನ ಯಶೋಧಾ ಬದುವಿನವರೆಗೆ ಹೋದಳು. ಮರೆವ್ವ ಬೆನ್ನು ತಿರುಗಿಸಿ ಕೆಲಸ ಮಾಡುತ್ತಲೇ ಇದ್ದಳು. ಯಶೋಧಾ ನಿಂತಷ್ಟು ಹೊತ್ತು ನಿಂತು ವಾಪಸ್ಸು ಬಂದಳು. ಇನ್ನೊಂದು ದಿನ ನೋಡಿದರಾಯಿತು ಎಂದುಕೊಂಡಳು. ಮಳೆಗಾಲ ಬಂತು, ಹೋಯಿತು. ಮುಂದಿನ ತೊಗರಿಗೆ ಮರೆವ್ವ ಅವಳನ್ನು ಕರೆಯಲಿಲ್ಲ. ಮೂರನೆಯವರನ್ನು ಕರೆದುಕೊಂಡು ಕೊಯ್ಲು ಮುಗಿಸಿದಳು. ಕರೆಯದೆ ಹೋಗುವಂತಿರಲಿಲ್ಲ. ಯಶೋಧಾ ಕರೆಗಾಗಿ ಕಾಯುತ್ತ ಉಳಿದಳು.

ತತ್ತಿಯ ಫೋಟೋ ತೆಗೆದ ವಾರ ಇಂಡಿಗೆ ಹೋದಾಗ ಹನೀಫನ ಅಂಗಡಿಯಲ್ಲಿ ಅವನ ಕಂಪ್ಯೂಟರಿನ ಮೇಲೆ ಹಾಕಿ ನೋಡಿದರು. ಅವನು ಹಣೆ ಗಂಟಿಕ್ಕಿದ.

"ಇಪ್ಪತ್ತೆರಡಕ್ಕ ಯಾಕ ಏರಿಸೀರಿ ನಂಬರು? ಕತ್ತಲ ಆಗೇತಿ ನೋಡ್ರಿ. ಹಿಂದ ಈ ಕೆಂಪು ಏನು, ಬ್ಯಾನರ ಹಚ್ಚ್ಯಾರೇನು?"

"ಇಲ್ಲ. ಮಂದಿ."

"ಮಂದಿ ಕರಗಲಿ ಬಿಡ್ರಿ. ತೂತು ತಗದ ಬಿಟ್ಟರ ಹಿಂದಿಂದೆಲ್ಲಾ ಬೆಣ್ಣಿ ಆಕ್ಕೈತಿ. ತತ್ತಿ ಅಷ್ಟ ಎದ್ದ ಕಾಣತಾವ. ನಿಮಗ ಹುಳ ಬೇಕೋ, ಮಂದಿ ಬೇಕೋ?"

ಯಶೋಧಾ ಸೆರಗು ಸರಿಮಾಡಿಕೊಂಡಳು. "ಎಷ್ಟ ಏರಿಸಿದರ ಹಿಂದಿಂದು ಸ್ವಚ್ಛ ಬರ್ತೈತಿ?"

"ಎಷ್ಟ ಏರಿಸಿದರೂ ಬರಂಗಿಲ್ಲ. ಇಷ್ಟ ಹತ್ತರ ಹೋದ ಮ್ಯಾಲ ದೂರಿಂದು ಕೇಳಬಾರದ್ರಿ. ದೂರಿಂದು ಬೇಕಂದ್ರ ಬಳಿ ಆ ಕಡಿ ತಿರವಬೇಕು. ಆವಾಗ ತತ್ತಿ ಇರಂಗಿಲ್ಲ."

ಅವಳು ಹೂಂಗುಟ್ಟಿದಳು. ಊರಿಗೆ ಬಂದ ಮೇಲೂ ನಂಬರು ಇಳಿಸಲಿಲ್ಲ.

ಅಮಾವಾಸ್ಯೆಯ ದಿನ ಮರೆವ್ವಳ ಮಗಳು ದಾನೇಶ್ವರಿ ಗಂಡ ಮಕ್ಕಳೊಂದಿಗೆ ಮುದ್ದೇಬಿಹಾಳದಿಂದ ಬಂದಿದ್ದಳು. ಬದುವಿನಾಚೆ ಬೇವಿನ ಗಿಡದ ಕೆಳಗೆ ಬುಟ್ಟಿಗಳು ಇಳಿದವು. ಯಶೋಧಾ ತನ್ನ ಪಾಲಿನ ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು, ಐದು ಕಲ್ಲಿಟ್ಟು ಪೂಜೆ ಮಾಡಿ, ನೈವೇದ್ಯದ ತುಣುಕುಗಳನ್ನು ಹೊಲದ ಸುತ್ತ ಒಬ್ಬಳೇ ಚರಗ ಚೆಲ್ಲಿದಳು. ಚರಗ ಚೆಲ್ಲುವವನ ಹಿಂದೆ ನೀರು ಚಿಮುಕಿಸುತ್ತ ಇನ್ನೊಬ್ಬರು ಹೋಗಬೇಕು. ಅವಳು ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದರಲ್ಲಿ ತಂಬಿಗೆ ಹಿಡಿದು ಎರಡೂ ಕೆಲಸ ತಾನೇ ಮಾಡಿದಳು. ಉಂಡಾದ ಮೇಲೆ ನಿಂಬೆ ಗಿಡದ ಕೆಳಗೆ ಕುಳಿತು ತತ್ತಿಗೆ ಕ್ಯಾಮೆರಾ ಹಿಡಿದಳು. ಹಿಂದೆ ಅಂದು ಕೆಂಪಿನ ಸುತ್ತ ಹಳದಿ, ನೀಲಿ, ಗುಲಾಬಿ ಬಣ್ಣಗಳು ಓಡಾಡುತ್ತಿದ್ದವು. ಮಕ್ಕಳ ಕೂಗು ಕೇಳುತ್ತಿತ್ತು. ಸಂಜೆ ಆ ಬಣ್ಣಗಳು ಹೊರಟುಹೋದವು.

ಅದಾದ ಕೆಲವು ದಿನಕ್ಕೆ ತತ್ತಿಗಳ ಹಸಿರು ಬೂದಿಗೆ ತಿರುಗಿತು. ಇನ್ನೇನು ಒಡೆಯುತ್ತವೆ ಎಂದು ಯಶೋಧಾಳಿಗೆ ಅನ್ನಿಸಿತು. ಮರುದಿನ ಬೆಳಕು ಹರಿಯುವಾಗಲೇ, ಹಣ್ಣು ಆರಿಸುವುದನ್ನೂ ಬಿಟ್ಟು, ಗಿಡದ ಕೆಳಗೆ ಕುಳಿತಳು. ಬದುವಿನಾಚೆ ಕೊಯ್ಲು ಶುರುವಾಗಿತ್ತು. ಒಣಗಿದ ತೊಗರಿ ಬಿಸಿಲಿಗೆ ಸಿಡಿಯುತ್ತದೆಂದು ಇಬ್ಬನಿಯಲ್ಲೇ ಕೊಯ್ಯುತ್ತಾರೆ. ಆಳು ಸಿಗದ ವರ್ಷ, ಮರೆವ್ವ ಒಬ್ಬಳೇ ಕೊಯ್ಯುತ್ತಿದ್ದಳು. ಕುಡುಗೋಲಿನ ಸದ್ದು ಕೇಳುತ್ತಿತ್ತು.

ಮೊದಲ ತತ್ತಿಯ ನೆತ್ತಿ ಸೀಳಿತು. ಒಳಗಿಂದ ಒಂದು ತಲೆ ಬಂತು, ಆಮೇಲೆ ಕಾಲು. ಮರಿ ತನ್ನದೇ ಚಿಪ್ಪಿನ ಮೇಲೆ ಹತ್ತಿ ಕುಳಿತು ಮೈ ಆರಿಸಿಕೊಂಡಿತು. ಯಶೋಧಾಳ ಉಸಿರು ನಿಂತಿತು, ಬೆರಳು ಒತ್ತಿತು, ಮತ್ತೆ ಉಸಿರು ನಡೆಯಿತು. ಹತ್ತಿರ ಹೋಗಿ ಮರಿಯ ಕಣ್ಣಿನ ಫೋಟೋ ತೆಗೆದಳು. ಹಿಂದೆ ಸರಿದು ಇಡೀ ಎಲೆಯನ್ನು, ಎಲೆಯ ಹಿಂದಿನ ಕೆಂಪನ್ನು ಸೇರಿಸಿ, ತೂತು ಪೂರಾ ಸಣ್ಣ ಮಾಡಿ ತೆಗೆದಳು. ಮತ್ತೆ ಹತ್ತಿರ ಹೋದಳು. ಎರಡನೆಯ ತತ್ತಿ ಒಡೆಯಿತು. ಕುಡುಗೋಲಿನ ಸದ್ದು ನಿಂತಿತ್ತು. ಒಮ್ಮೆ ಹಿಂದೆ ಸರಿದಾಗ ಕೆಂಪು ಕೆಳಗಿಳಿದಂತೆ ಕಂಡಿತು. ಕುಳಿತು ಕೊಯ್ಯುತ್ತಿದ್ದಾಳೆ ಎಂದುಕೊಂಡಳು. ಮರಿ ದಾರದ ಕಾಲನ್ನು ತಬ್ಬಿಕೊಂಡು ಮೇಲಕ್ಕೆ ಎಲೆಯ ಕಡೆ ನಡೆಯತೊಡಗಿತ್ತು. ಅವಳು ಮತ್ತೆ ಹತ್ತಿರ ಹೋದಳು.

ಬಿಸಿಲು ಎಲೆಗೆ ಬಂದಾಗ ಎಲ್ಲ ಮುಗಿದಿತ್ತು. ಖಾಲಿ ಚಿಪ್ಪುಗಳು ಕೂದಲಿನ ತುದಿಯಲ್ಲಿ ಅಲುಗುತ್ತಿದ್ದವು. ಯಶೋಧಾ ಕ್ಯಾಮೆರಾ ಚೀಲಕ್ಕೆ ಹಾಕಿ, ಮರಗಟ್ಟಿದ ಮೊಣಕಾಲು ತಿಕ್ಕಿಕೊಂಡು ಎದ್ದಳು. ಎಮ್ಮೆ ಹಿಂಡುವ ಹೊತ್ತು ಮೀರಿತ್ತು. ರೂಢಿಯಂತೆ ಬದುವಿನ ಕಡೆ ಮುಖ ಮಾಡದೆ ಮನೆಗೆ ನಡೆದಳು.

ಮಧ್ಯಾಹ್ನ ಕಾಸಿಂಸಾಬ ಖಾಲಿ ಟೆಂಪೋ ತಂದು ಬಾಗಿಲ ಮುಂದೆ ನಿಲ್ಲಿಸಿದ.

"ಇವತ್ತ ಹಣ್ಣ ಒಯ್ಯಾಕ ಆಗಲಿಲ್ಲವ್ವ. ಮರೆವ್ವನ ದವಾಖಾನಿಗೆ ಹಾಕಿ ಬಂದೆ."

"ಏನಾಗೇತಿ?"

"ಎರಿ ಹೊಲದ ಬಿರುಕಿನಾಗ ಕಾಲು ಹೋಗೇತಿ. ಹಿಮ್ಮಡ ಮ್ಯಾಲಿನ ಎಲಬು ಮುರದೈತಿ ಅಂದ್ರು ಇಂಡ್ಯಾಗ. ನಾ ಆ ಕಡಿ ದಾರಿಲೆ ಬರೂವಾಗ ನೋಡಿದೆ, ತೊಗರ್ಯಾಗ ಕುಂತಿದ್ದಳು. ಎಷ್ಟೊತ್ತಾತಂದ್ರ, ಇಬ್ಬನಿ ಇದ್ದಾಗಿಂದ ಅಂದಳು." ಅವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ನೀ ತ್ವಾಟದಾಗ ಇರಲಿಲ್ಲೇನು?"

"ಇದ್ದೆ," ಎಂದಳು ಯಶೋಧಾ.

ಕಾಸಿಂಸಾಬ ಅವಳ ಮುಖ ನೋಡಿ ಟೆಂಪೋ ಹತ್ತಿ ಹೊರಟ.

ಅವಳು ಒಳಗೆ ಹೋಗಿ ಚೀಲ ಬಿಚ್ಚಿದಳು. ಮರಿಯ ಫೋಟೋಗಳನ್ನು ದಾಟಿಸುತ್ತ ದಾಟಿಸುತ್ತ, ಹಿಂದೆ ಸರಿದು ತೆಗೆದವುಗಳಿಗೆ ಬಂದಳು. ಗುಂಡಿ ಒತ್ತಿ ಎಲೆಯನ್ನು ಬಿಟ್ಟು ಹಿಂದಿನದನ್ನು ದೊಡ್ಡದು ಮಾಡಿದಳು. ಒಂದರಲ್ಲಿ ಕೆಂಪು ಉದ್ದಕ್ಕೆ ನಿಂತಿತ್ತು. ಮುಂದಿನದರಲ್ಲಿ ಕುಳ್ಳಾಗಿತ್ತು. ತೊಗರಿಯನ್ನು ಯಾರೂ ಕುಳಿತು ಕೊಯ್ಯುವುದಿಲ್ಲ, ಬಗ್ಗಿ ಕೊಯ್ಯುತ್ತಾರೆ. ಹುಟ್ಟಿದಾಗಿನಿಂದ ಕೊಯ್ದವಳಿಗೆ ಅದು ಆ ಹೊತ್ತಿನಲ್ಲಿ ತಲೆಗೆ ಬಂದಿರಲಿಲ್ಲ. ಅದರ ಮುಂದಿನ ಫೋಟೋದಲ್ಲಿ ಕೆಂಪಿನ ಮೇಲಿಂದ ಒಂದು ಕಂದು ಗೆರೆ ನೆಟ್ಟಗೆ ಮೇಲೆ ಹೋಗಿತ್ತು. ಇನ್ನೊಂದರಲ್ಲೂ ಆ ಗೆರೆ ಇತ್ತು, ಸ್ವಲ್ಪ ವಾರೆಯಾಗಿ. ಕೊನೆಯದರಲ್ಲಿ ಇರಲಿಲ್ಲ.

ಇನ್ನೂ ದೊಡ್ಡದು ಮಾಡಿದಳು. ಚೌಕ ಚೌಕ ಬಣ್ಣ ಮಾತ್ರ ಉಳಿಯಿತು.

ಎರಡು ದಿನ ಬಿಟ್ಟು ಅವಳು ಇಂಡಿಯ ದವಾಖಾನೆಗೆ ಹೋದಳು. ಮರೆವ್ವಳನ್ನು ಮಗಳು ಆಗಲೇ ಮುದ್ದೇಬಿಹಾಳಕ್ಕೆ ಕರೆದೊಯ್ದಿದ್ದಳು. ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು. ಅಲ್ಲಿಂದ ಹನೀಫನ ಅಂಗಡಿಗೆ ನಡೆದಳು.

ಹನೀಫ ಮರಿಯ ಫೋಟೋ ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. "ಅಬಬಬಾ. ಅಕ್ಕಾರ, ಇದನ್ನ ನೋಡ್ರಿ. ಕಣ್ಣೂ ಬಂದೈತಿ, ಚಿಪ್ಪೂ ಬಂದೈತಿ. ನಾ ಈ ಲೆನ್ಸಿನಾಗ ಹತ್ತ ವರ್ಷ ಉಂಗರ ತಗದ ಸತ್ತೆ. ಇದನ್ನ ದೊಡ್ಡದ ಮಾಡಿ ಅಂಗಡ್ಯಾಗ ಹಾಕತೇನಿ, ನಿಮ್ಮ ಹೆಸರ ಬರದು."

"ಅದಲ್ಲ ತಮ್ಮಾ. ಮುಂದಿಂದು ತಗಿ. ಎಲಿ ಇದ್ದದ್ದು."

"ಇದು?"

"ಇದರ ಹಿಂದಿಂದು. ಇದನ್ನ ಸ್ವಚ್ಛ ಮಾಡಾಕ ಬರ್ತೈತೇನು?"

ಅವನು ಬಗ್ಗಿ ನೋಡಿದ. ಒಂದೆರಡು ಗುಂಡಿ ಒತ್ತಿದ. "ಬರಂಗಿಲ್ಲ ಅಕ್ಕಾರ. ಬಣ್ಣಾ ಅಷ್ಟ ಹಿಡದೈತಿ, ರೂಪಾ ಹಿಡದಿಲ್ಲ. ಅವತ್ತ ಸಿಗದ್ದು ಈಗ ಎಲ್ಲಿಂದ ತರೂದು? ಏನದು?"

"ಕೈ," ಎಂದಳು ಅವಳು. "ಕೈ ಹೌದೋ ಅಲ್ಲೋ ಅಂತ ನೋಡಬೇಕಾಗಿತ್ತು."

ಹನೀಫ ಇನ್ನೊಮ್ಮೆ ನೋಡಿದ. "ಹೌದು ಅಂತ ಅನಸ್ತೈತಿ," ಎಂದ ಮೆಲ್ಲಗೆ, ಮದುವೆ ಮನೆಯಲ್ಲಿ ಯಾರದಾದರೂ ಅಳು ಕಂಡಾಗ ಕ್ಯಾಮೆರಾ ಇಳಿಸುವವನಂತೆ.

ಅವಳು ಕ್ಯಾಮೆರಾ ಅಲ್ಲೇ ಬಿಟ್ಟು ಹೋಗಲು ನೋಡಿದಳು. ಅವನು ತೆಗೆದುಕೊಳ್ಳಲಿಲ್ಲ.

ಮರುದಿನ ನಸುಕಿನಲ್ಲಿ ಯಶೋಧಾ ಕುಡುಗೋಲು ಹಿಡಿದು ಬದು ದಾಟಿದಳು. ಬುತ್ತಿ ಕಟ್ಟಿಕೊಂಡಿರಲಿಲ್ಲ. ಮರೆವ್ವಳ ತೊಗರಿ ಅರ್ಧ ಕೊಯ್ದಲ್ಲಿಗೆ ನಿಂತಿತ್ತು. ಕೊಯ್ದ ಗಿಡಗಳ ಕೊನೆಯ ಸಿವುಡು ಕಟ್ಟದೆ ಬಿದ್ದಿತ್ತು, ಪಕ್ಕದಲ್ಲಿ ಮರೆವ್ವಳ ಕುಡುಗೋಲು ಇಬ್ಬನಿಗೆ ತುಕ್ಕು ಹಿಡಿದು ಮಲಗಿತ್ತು. ಬಿರುಕಿನ ಬಾಯಿಗೆ ಮಣ್ಣು ಕುಸಿದಿತ್ತು. ಆ ಸಿವುಡನ್ನು ಮೊದಲು ಕಟ್ಟಿದಳು. ಆಮೇಲೆ ಸಾಲು ಹಿಡಿದು ಬಗ್ಗಿದಳು.

ಹೊತ್ತೇರಿ ಇಬ್ಬನಿ ಆರಿತು. ಕಾಯಿಗಳು ಅಲ್ಲೊಂದು ಇಲ್ಲೊಂದು ಚಟಕ್ಕೆಂದು ಸಿಡಿಯತೊಡಗಿದವು. ಅವಳು ಕೈ ಮೆತ್ತಗೆ ಮಾಡಿ ಕೊಯ್ಯುತ್ತಲೇ ಇದ್ದಳು. ನೆತ್ತಿಗೆ ಬಿಸಿಲು ಬಂದಾಗ ಆ ಕಡೆಯ ದಾರಿಯಲ್ಲಿ ಟೆಂಪೋ ನಿಂತಿತು. ಕಾಸಿಂಸಾಬ ಸಾಲು ದಾಟಿ ಬಂದ.

"ಯಾರ ಹೇಳ್ಯಾರವ್ವ ನಿನಗ?"

"ಯಾರೂ ಹೇಳಿಲ್ಲ ಕಾಕಾ."

ಅವನು ಕೊಯ್ದ ಸಾಲುಗಳನ್ನು ನೋಡಿದ. ಜೇಬಿನಿಂದ ಫೋನ್ ತೆಗೆದು ದಾನೇಶ್ವರಿಗೆ ಹಚ್ಚಿ, "ನಿಮ್ಮವ್ವಗ ಕೊಡಬೇ," ಎಂದು, ಯಶೋಧಾಳ ಕೈಗಿಟ್ಟ. ತಾನು ಹತ್ತು ಹೆಜ್ಜೆ ದೂರ ಹೋಗಿ ಬೇವಿನ ನೆರಳಿಗೆ ನಿಂತ.

"ಯಾರದು?" ಎಂದಿತು ಫೋನು.

"ನಾನು. ಯಶೋಧಾ."

ಆ ಕಡೆ ಎಲ್ಲೋ ಕುಕ್ಕರ್ ಕೂಗಿ ನಿಂತಿತು.

"ತೊಗರಿ ಕೊಯ್ಯಾಕತ್ತೇನಿ," ಎಂದಳು ಯಶೋಧಾ.

"ಯಾರದು?"

"ನಿನ್ನದ."

"ನಿನ್ನ ಯಾರ ಕರದಾರ?"

"ನೀನ ಕರದಿ ಅಕ್ಕಾ. ಅವತ್ತ ಕೈ ಎತ್ತಿದ್ದಿ. ನಾ ಆವಾಗ ನೋಡಲಿಲ್ಲ. ಆಮ್ಯಾಲ ನೋಡಿದೆ."

ಕರೆ ಕಡಿದುಹೋಯಿತೇನೋ ಎಂದು ಯಶೋಧಾ ಫೋನು ಕಿವಿಯಿಂದ ತೆಗೆದು ನೋಡಿ ಮತ್ತೆ ಹಚ್ಚಿಕೊಂಡಳು.

"ಬಾಯಿಲೆ ಕರೀಬೇಕಾಗಿತ್ತು," ಎಂದಳು ಮರೆವ್ವ. "ಕೈ ಎದ್ದಿತು, ಬಾಯಿ ಏಳಲಿಲ್ಲ. ಎರಡ ವರ್ಷ ಮುಚ್ಚಿದ ಬಾಯಿ ಅದು." ಮತ್ತೆ ಅವಳೇ, "ಏನ ನೋಡ್ತಿದ್ದಿ ದಿನಾ ಆ ಗಿಡದ ಬುಡಕ ಕುಂತು? ಬಂಗಾರ ಸಿಕ್ಕೈತೇನು?"

"ಹುಳಾ ಅಕ್ಕಾ. ಹುಳದ ತತ್ತಿ."

"ಹುಳಾ," ಎಂದಳು ಮರೆವ್ವ. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ. "ಎಷ್ಟ ಆಗೇತಿ ಕೊಯ್ಲು?"

"ಬೇವಿನ ಗಿಡದ ತನಕ."

"ಈ ಬಿಸಲಾಗ ಕೊಯ್ಯಾಕತ್ತಿ? ಅರ್ಧ ಕಾಳು ನೆಲಕ್ಕ ಹೋಗಿರಬೇಕು. ಇಬ್ಬನಿ ಆರಿ ನ್ಯಾರೆ ಹೊತ್ತಾದರ ನಿಂದರಬೇಕನ್ನೂದು ಮರತಿ ಏನು. ಊಟಾ ಮಾಡಿದಿ?"

"ಇಲ್ಲ."

"ಏನ ಕಟಗೊಂಡ ಬಂದಿ?"

"ಏನೂ ತಂದಿಲ್ಲ. ನಿನ್ನ ಹೊಲಕ್ಕ ಬರೂವಾಗ ನಾ ಯಾಕ ಬುತ್ತಿ ತರಲಿ?"

ಕಾಸಿಂಸಾಬ ಬೇವಿನ ಕಡ್ಡಿ ಮುರಿದು ಹಲ್ಲಿನಲ್ಲಿ ಕಡಿಯುತ್ತ ಬೇರೆ ಕಡೆ ನೋಡುತ್ತಿದ್ದ.

"ಹಂಗಾದರ ಇವತ್ತಿನ ದಿನಾ ನಾ ಲೆಕ್ಕಕ್ಕ ಹಿಡಿಯಂಗಿಲ್ಲ," ಎಂದಳು ಮರೆವ್ವ. "ರೊಟ್ಟಿ ಕೊಡದ ದಿನಾ ದಿನಾ ಅಲ್ಲ. ನಿಂದು ಬಾಕಿ ಐತಿ."

"ಇರಲಿ," ಎಂದಳು ಯಶೋಧಾ. "ಯಾವಾಗ ಬರ್ತಿ?"

"ಡಾಕ್ಟರ ಹೋಳಿ ಹುಣ್ಣಿಮಿ ತನಕ ಕಾಲ ಊರಬ್ಯಾಡ ಅಂದಾನ. ದಾನವ್ವ, ಹೊಲಾ ಬ್ಯಾರೇದವರಿಗೆ ಲಾವಣಿಗಿ ಹಾಕಿ ಇಲ್ಲೇ ಇದ್ದಬಿಡು ಅಂತಾಳ. ನೋಡಬೇಕು." ಆ ಕಡೆಯಿಂದ ಮಗುವೊಂದು ಫೋನು ಕೇಳಿತು. "ಇಡ್ತೇನಿ," ಎಂದಳು ಮರೆವ್ವ. ಕರೆ ನಿಂತಿತು.

ಯಶೋಧಾ ಫೋನನ್ನು ಸೆರಗಿಗೆ ಒರೆಸಿ ಕಾಸಿಂಸಾಬನಿಗೆ ಕೊಟ್ಟಳು. ಅವನು ಟೆಂಪೋದಿಂದ ತನ್ನ ಬುತ್ತಿಯ ಗಂಟು ತಂದು ಮುಂದೆ ಹಿಡಿದ. "ಒಂದ ರೊಟ್ಟಿ ತಗೋವ್ವ. ನಮ್ಮ ಮನ್ಯಾಗ ಅಬಿದಾ ಬಡದಾಳ, ಮೆತ್ತಗ ಅದಾವ."

"ಇವತ್ತ ಬ್ಯಾಡ ಕಾಕಾ."

ಅವನು ಒತ್ತಾಯ ಮಾಡಲಿಲ್ಲ. ನೀರಿನ ಬಾಟಲಿ ಬೇವಿನ ಬುಡದಲ್ಲಿ ಇಟ್ಟು ಹೋದ.

ಬಿಸಿಲು ತಗ್ಗುವವರೆಗೆ ಅವಳು ಸಿವುಡು ಕಟ್ಟುತ್ತ, ಉದುರಿದ ಕಾಯಿಗಳನ್ನು ಆರಿಸುತ್ತ ಇದ್ದಳು. ಹಸಿವೆ ಮೊದಲು ಹೊಟ್ಟೆಯಲ್ಲಿತ್ತು, ಆಮೇಲೆ ಕೈಗೆ ಬಂತು. ಒಮ್ಮೆ ಸೊಂಟ ನೆಟ್ಟಗೆ ಮಾಡಿ ನಿಂತಾಗ ಬದುವಿನ ಆಚೆ ತನ್ನ ತೋಟ ಕಂಡಿತು. ಈ ಕಡೆಯಿಂದ ಅದನ್ನು ಎರಡು ವರ್ಷದಿಂದ ನೋಡಿರಲಿಲ್ಲ. ಕೊನೆಯ ನಿಂಬೆ ಗಿಡ, ಕಟ್ಟಿಗೆಗೆ ಸಿಗಿಸಿದ ಟೊಂಗೆ, ನೀಲಿ ಕ್ಲಿಪ್ಪು, ತಾನು ಕುಳಿತು ಕುಳಿತು ಹುಲ್ಲು ಸವೆದ ಜಾಗ, ಎಲ್ಲವೂ ಇಲ್ಲಿಂದ ಸ್ವಚ್ಛ ಕಾಣುತ್ತಿತ್ತು. ದಿನಾ ಬೆಳಿಗ್ಗೆ ಅಲ್ಲಿ ಬೆನ್ನು ಬಗ್ಗಿಸಿ ಕುಳಿತವಳ ಮುಖವೂ ಮರೆವ್ವಳಿಗೆ ಕಂಡಿರಬೇಕು.

ನೆರಳು ಉದ್ದವಾದವು. ಅವಳು ಕುಡುಗೋಲು ತೆಗೆದುಕೊಂಡು ಮುಂದಿನ ಸಾಲಿಗೆ ಬಗ್ಗಿದಳು.